ದ್ವಾರಕಾನಾಥರ ಪೊಲಿಟ್ಸೈ

ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಏನೂ ತಪ್ಪು ಮಾಡದಿದ್ದರೂ ನಮ್ಮಂಥವರ ಕೈ ತಾನಾಗಿ ಜೇಬಿನಲ್ಲಿರುವ ಗುರುತಿನ ಚೀಟಿಯನ್ನು ತಡವುತ್ತದೆ. ಆ ಮಾತು ಕೇಳಿ ಪ್ರೀತಿ ಉಕ್ಕಿಸಿಕೊಂಡವರನ್ನು ನಾನು ನೋಡಿರುವುದು ಒಬ್ಬರನ್ನೇ. ಅವರು ನಮ್ಮ ಮೇಲಿನ ಮನೆಯ ದ್ವಾರಕಾನಾಥ್. ಅವರ ಕಥೆಯನ್ನು ನಗಿಸುವುದಕ್ಕೆಂದೇ ಹೇಳಹೊರಟಿದ್ದೇನೆ. ಕೊನೆಯತನಕ ನಗು ಉಳಿಯದಿದ್ದರೆ ಓದುವವರು ಅವರೊಬ್ಬರನ್ನೇ ಬೈಯಬಾರದು, ಅದರಲ್ಲಿ ನನ್ನದೂ ಒಂದು ಪಾಲಿದೆ.

ದ್ವಾರಕಾನಾಥರು ಮೈಸೂರಿನವರು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರು. ಸೌತ್ ಬಿ ಬಡಾವಣೆಯಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿ ಅವರದು, ಎರಡನೆಯದು ನಮ್ಮದು. ಅವರ ವೃತ್ತಿಧರ್ಮ ಒಂದೇ ವಾಕ್ಯದ್ದು: ಬರೆದಿಲ್ಲವೋ, ಅದು ನಡೆದೇ ಇಲ್ಲ. ಮಾತ್ರೆಯ ಡಬ್ಬಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಕೊಟ್ಟವನ ಸಹಿ, ತೆಗೆದುಕೊಂಡವನ ಸಹಿ. ಎಲ್ಲಾದರೂ ಹೆಚ್ಚುಕಮ್ಮಿಯಾದರೆ ಅದಕ್ಕೊಂದು ನಂಬರು, ಒಂದು ಫೈಲು, ಒಂದು ಮೂಲ ಕಾರಣ. ಮನೆಯಲ್ಲೂ ಹಾಗೆಯೇ. ಹಾಲು ಉಕ್ಕಿದರೆ ವತ್ಸಲಾ ಅವರು ಒಲೆ ಒರೆಸುತ್ತಾರೆ, ಇವರು ಪಕ್ಕದಲ್ಲಿ ನಿಂತು ಮೂಲ ಕಾರಣ ಏನೆಂದು ಕೇಳುತ್ತಾರೆ.

"ಮೂಲ ಕಾರಣ ನೀವೇ ರೀ. ಹಾಲು ನೋಡ್ಕೊಳಿ ಅಂತ ಹೇಳಿ ಸ್ನಾನಕ್ಕೆ ಹೋಗಿದ್ದೆ" ಎಂದು ಒಮ್ಮೆ ವತ್ಸಲಾ ಅವರು ಹೇಳಿದ್ದು ನಮ್ಮ ಮನೆಗೂ ಕೇಳಿಸಿತ್ತು.

ಹೋದ ವರ್ಷ ಕಾರ್ಖಾನೆಯವರು ಮಾತ್ರೆ ಪ್ಯಾಕ್ ಮಾಡುವ ಯಂತ್ರವೊಂದನ್ನು ಜರ್ಮನಿಯಿಂದ ತರಿಸಲು ಹೊರಟರು. ಯಂತ್ರವನ್ನು ಅಲ್ಲಿಯೇ ನೋಡಿ ಒಪ್ಪಿಕೊಂಡು ಬರಲು ದ್ವಾರಕಾನಾಥರನ್ನು ಕಳಿಸುವುದೆಂದಾಯಿತು. ಹೋಗುವವರು ನಾಲ್ಕು ಮಾತು ಜರ್ಮನ್ ಕಲಿತು ಹೋದರೆ ಮರ್ಯಾದೆ ಎಂದು ಇವರೇ ಅಂದುಕೊಂಡು, ಐವತ್ತಾರನೇ ವಯಸ್ಸಿನಲ್ಲಿ ಪ್ರತಿ ಮಂಗಳವಾರ ಸಂಜೆಯ ಕ್ಲಾಸಿಗೆ ಸೇರಿದರು. ಶೆರಿಲ್ ಎಂಬ ಇಲ್ಲಿಯದೇ ಹುಡುಗಿ ಟೀಚರು. ಆಕೆ ಎಲ್ಲರಿಗೂ ಒಂದು ಮನೆಪಾಠ ಕೊಟ್ಟಳು: ಯಾವುದಾದರೂ ಒಂದು ಜರ್ಮನ್ ಪದ ಆರಿಸಿ, ಅದು ಎಲ್ಲಿಂದ ಬಂತು, ಏನರ್ಥ ಎಂದು ಐದು ನಿಮಿಷ ಮಾತಾಡಬೇಕು. ಬೇರೆಯವರು ತಾಯಿ, ರೊಟ್ಟಿ, ರೈಲು ಎಂದು ಆರಿಸಿಕೊಂಡರು. ದ್ವಾರಕಾನಾಥರು ಪೊಲಿಟ್ಸೈ ಎಂದರು. ಅಂದರೆ ಪೊಲೀಸು. ಕೇಳಿದೊಡನೆ ಅವರಿಗೆ ಅರ್ಥವಾಗಿದ್ದ ಪದ ಅದೊಂದೇ ಆಗಿತ್ತು.

ಅದರ ಚರಿತ್ರೆ ಓದಿದ ದಿನವೇ ಅವರು ಕೆಟ್ಟರು. ನಾನು ಸೊಪ್ಪಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಅಡ್ಡಗಟ್ಟಿದರು.

"ಮೂರ್ತಿಯವರೇ, ಪೊಲೀಸ್ ಅಂದ್ರೆ ಏನು ಅನ್ಕೊಂಡಿದೀರಿ?"

"ಯೂನಿಫಾರಂ ಹಾಕ್ಕೊಂಡು ಗಾಡಿ ನಿಲ್ಲಿಸ್ತಾರಲ್ಲ, ಅವರು."

"ತಪ್ಪು! ಪೂರ್ತಿ ತಪ್ಪು! ಐನೂರು ವರ್ಷದ ಹಿಂದೆ ಪೊಲೀಸ್ ಅನ್ನೋರು ಇರ್ಲಿಲ್ಲ ರೀ, ಪೊಲೀಸ್ ಅನ್ನೋದು ಇತ್ತು!"

ಸೊಪ್ಪು ಬಾಡುವವರೆಗೆ ನಾನು ಕೇಳಿದ್ದರ ಸಾರಾಂಶ ಇಷ್ಟು. ಗ್ರೀಕರಲ್ಲಿ ಪೊಲಿಸ್ ಎಂದರೆ ಪಟ್ಟಣ. ಪಟ್ಟಣ ಹೇಗೆ ಬಾಳಬೇಕೋ ಆ ರೀತಿಗೆ ಪೊಲಿತೇಯಾ ಎಂದರು. ಅದು ಲ್ಯಾಟಿನ್ನಿಗೆ ಹೋಗಿ, ಅಲ್ಲಿಂದ ಜರ್ಮನ್ನರ ನಾಡಿಗೆ ಬಂತು. ಆಗ ಗೂಟೆ ಪೊಲಿಟ್ಸೈ, ಅಂದರೆ ಒಳ್ಳೆಯ ಪೊಲಿಟ್ಸೈ, ಎಂದರೆ ಊರಿನ ಸುವ್ಯವಸ್ಥೆ. ರೊಟ್ಟಿಯ ತೂಕ ಸರಿಯಿರಬೇಕು, ಬೀದಿಯಲ್ಲಿ ಕಸ ಹಾಕಬಾರದು, ಮದುವೆಗೆ ಇಂತಿಷ್ಟೇ ಜನ ಬರಬೇಕು, ಯಾರು ರೇಷ್ಮೆ ಉಡಬಹುದು ಯಾರು ಉಡಬಾರದು, ದಿಕ್ಕಿಲ್ಲದವರನ್ನು ಯಾರು ನೋಡಿಕೊಳ್ಳಬೇಕು, ಇದೆಲ್ಲ ಆ ಒಂದು ಪದದೊಳಗಿತ್ತು. ವಿಶ್ವವಿದ್ಯಾಲಯಗಳಲ್ಲಿ ಅದನ್ನೊಂದು ಶಾಸ್ತ್ರವಾಗಿ ಪಾಠ ಮಾಡುತ್ತಿದ್ದರಂತೆ. ಆಮೇಲಾಮೇಲೆ ಪದ ಸೊರಗಿ ಸೊರಗಿ, ಟೋಪಿ ಹಾಕಿದ ಆಳಿನ ಮಟ್ಟಕ್ಕೆ ಇಳಿಯಿತು.

"ನಾವು ಪೊಲೀಸರಿಗೆ ಹೆದರ್ತೀವಲ್ಲ, ಅದು ಪದಕ್ಕೆ ಮಾಡೋ ಅವಮಾನ" ಎಂದರು. ಅವರ ಕಣ್ಣಂಚಿನಲ್ಲಿ ನಿಜವಾಗಿ ನೀರಿತ್ತು.

ವತ್ಸಲಾ ಅವರಿಗೆ ಮದುವೆಯ ಅಂಶವೊಂದು ಹಿಡಿಸಿತು. "ನಮ್ಮ ಮದುವೆಲಿ ಆ ಪೊಲಿಟ್ಸೈ ಇದ್ದಿದ್ರೆ ನಿಮ್ಮ ದೊಡ್ಡಪ್ಪನ ಕಡೆ ನಲವತ್ತು ಜನ ಛತ್ರದ ಬಾಗಿಲಲ್ಲೇ ನಿಲ್ತಿದ್ರು" ಎಂದರು. ಮಗಳು ಅಮೂಲ್ಯಾ ಫೋನಿನಿಂದ ತಲೆ ಎತ್ತದೆ, "ಅಪ್ಪಾ, ನೋಬಡಿ ಕೇರ್ಸ್" ಎಂದಳು.

ಇಡೀ ಕಟ್ಟಡದಲ್ಲಿ ಅವರ ಮಾತನ್ನು ಮನಸ್ಸಿಟ್ಟು ಕೇಳಿದವನು ಗೇಟಿನ ಕಾವಲುಗಾರ ಕಿಲೊಂಜೊ ಒಬ್ಬನೇ. ಐವತ್ತರ ಆಸುಪಾಸಿನ ಮನುಷ್ಯ. ದ್ವಾರಕಾನಾಥರು ಈ ಕಟ್ಟಡಕ್ಕೆ ಬಂದ ವರ್ಷವೇ ಅವನೂ ಬಂದದ್ದು, ಹನ್ನೊಂದು ವರ್ಷವಾಗಿತ್ತು. ಏನನ್ನಾದರೂ ವಿವರಿಸುತ್ತಲೇ ಇರುವ ಇವರನ್ನು ಅವನು ಮ್ವಾಲಿಮು, ಎಂದರೆ ಮೇಷ್ಟ್ರು, ಎಂದು ಕರೆಯುತ್ತಿದ್ದ. ಅವನ ಸ್ವಾಹಿಲಿಯನ್ನು ನನ್ನ ಕನ್ನಡದಲ್ಲಿ ಕೊಡುತ್ತೇನೆ.

"ಹಾಗಾದ್ರೆ ಆ ಕಾಲದ ಪೊಲೀಸು ರೊಟ್ಟಿ ತೂಕ ನೋಡ್ತಿತ್ತಾ, ಮ್ವಾಲಿಮು?"

"ನೋಡ್ತಿತ್ತು."

"ದಿಕ್ಕಿಲ್ಲದ ಮಕ್ಕಳಿಗೆ ಊಟ ಸಿಕ್ತಾ ಅಂತಾನೂ ಕೇಳ್ತಿತ್ತಾ?"

"ಕೇಳ್ತಿತ್ತು!"

ಕಿಲೊಂಜೊ ತಲೆದೂಗಿದ. "ಇದನ್ನ ಮನೇಲಿ ಹೇಳ್ತೀನಿ. ಮಕ್ಕಳಿಗೆ ಇಷ್ಟ ಆಗತ್ತೆ" ಎಂದ.

ಇಷ್ಟು ಒಳ್ಳೆಯ ಶಿಷ್ಯ ಸಿಕ್ಕಮೇಲೆ ಗುರು ಸುಮ್ಮನಿರುವುದುಂಟೇ? ಒಳ್ಳೆಯ ಪೊಲಿಟ್ಸೈ ನಮ್ಮ ಗೇಟಿನಿಂದಲೇ ಶುರುವಾಗಲಿ ಎಂದು ದ್ವಾರಕಾನಾಥರು ದಪ್ಪ ರಟ್ಟಿನ ರಿಜಿಸ್ಟರೊಂದನ್ನು ತಂದು ಗೆರೆ ಹಾಕಿಕೊಟ್ಟರು. ಗೇಟಿಗೆ ಬಂದ ಪ್ರತಿ ವಸ್ತುವಿಗೂ ತಾರೀಕು, ಹೊತ್ತು, ಯಾರಿಂದ, ಯಾರಿಗೆ, ತೆಗೆದುಕೊಂಡವರ ಸಹಿ. ಕಟ್ಟಡದವರೆಲ್ಲ ಗೊಣಗಿದರು. ಕಿಲೊಂಜೊಗೆ ಮಾತ್ರ ಹಿಗ್ಗು. ಅವನ ಅಕ್ಷರ ಮುತ್ತಿನಂತಿತ್ತು, ಎರಡೆರಡು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಒಂದು ಸೊಪ್ಪಿನ ಕಟ್ಟು ಬಂದರೂ ಬರೆಯುತ್ತಿದ್ದ.

ಈಗ ಲಕ್ಷ್ಮಿಯ ವಿಚಾರಕ್ಕೆ ಬರಬೇಕು. ನಮ್ಮ ಗುಂಪಿನಲ್ಲಿ ವರಮಹಾಲಕ್ಷ್ಮಿ ಕೂರಿಸುವ ಮನೆಗಳು ನಾಲ್ಕು, ಶ್ರಾವಣದ ಶುಕ್ರವಾರಗಳೂ ನಾಲ್ಕು, ದೇವಿಯ ಬೆಳ್ಳಿ ಮುಖ ಮಾತ್ರ ಒಂದೇ. ಅದು ವತ್ಸಲಾ ಅವರಿಗೆ ತಾಯಿಮನೆಯಿಂದ ಬಂದದ್ದು, ಅವರ ತಾಯಿ ಈಗಿಲ್ಲ. ಮೊದಲ ಶುಕ್ರವಾರ ವತ್ಸಲಾ ಅವರಲ್ಲಿ, ಎರಡನೆಯದು ಮುಥೈಗಾದ ಗಿರಿಜಾ ಅವರಲ್ಲಿ, ಮೂರನೆಯದು ಗಿಗಿರಿಯ ಚೈತನ್ಯಾ ಅವರಲ್ಲಿ, ಕೊನೆಯದು ನಮ್ಮ ಮನೆಯಲ್ಲಿ. ಹೀಗೆ ನೈರೋಬಿಯಲ್ಲಿ ಮಹಾಲಕ್ಷ್ಮಿಗೂ ಶಿಫ್ಟ್ ಡ್ಯೂಟಿ.

ಮೂರನೇ ಶುಕ್ರವಾರದ ಹಿಂದಿನ ದಿನ ಚೈತನ್ಯಾ ಅವರ ಡ್ರೈವರು ಮುಖ ಒಯ್ಯಲು ಬಂದ. ವತ್ಸಲಾ ಅವರು ಮುಥೈಗಾಕ್ಕೆ ಫೋನು ಮಾಡಿದರು.

"ಗಿರಿಜಾ, ನೀವಿನ್ನೂ ಮುಖ ವಾಪಸ್ ಕಳಿಸೇ ಇಲ್ವಲ್ಲ?"

"ಅಯ್ಯೋ, ಮಂಗಳವಾರಾನೇ ಕಳಿಸಿದೀನಲ್ರೀ! ಕೆಂಪು ಬ್ಯಾಗಲ್ಲಿ. ಡ್ರೈವರ್ ನಿಮ್ಮ ಗೇಟಲ್ಲಿ ಕೊಟ್ಟು ಬಂದ."

ವತ್ಸಲಾ ಅವರು ಬೀರು ಹುಡುಕಿದರು, ದೇವರ ಗೂಡು ಹುಡುಕಿದರು, ಅಕ್ಕಿ ಡಬ್ಬವನ್ನೂ ಬಗ್ಗಿಸಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಅಮ್ಮಾ ಎಂದು ಅತ್ತರು. ದ್ವಾರಕಾನಾಥರು ಮಾತ್ರ ಶಾಂತರಾಗಿದ್ದರು. ರಿಜಿಸ್ಟರು ಇದೆಯಲ್ಲ!

ನನ್ನನ್ನೂ ಕರೆದುಕೊಂಡು ಗೇಟಿಗೆ ಹೋದರು. ಮಂಗಳವಾರ, ನಾಲ್ಕೂ ಹತ್ತು, ಕೆಂಪು ಬ್ಯಾಗು ಒಂದು, ಮುಥೈಗಾದಿಂದ, ಮಾಮಾ, ಎಂದರೆ ಇಲ್ಲಿ ಅಮ್ಮ, ವತ್ಸಲಾ ಅವರಿಗೆ. ಪಡೆದವನು ಕಿಲೊಂಜೊ. ಮುಂದಿನ ಕಾಲಂ ಖಾಲಿ.

"ಬ್ಯಾಗ್ ಎಲ್ಲಿ, ಕಿಲೊಂಜೊ?"

"ಕೊಟ್ಟೆನಲ್ಲ, ಮ್ವಾಲಿಮು. ನಿಮ್ಮ ಕೈಗೇ ಕೊಟ್ಟೆ."

"ನನ್ನ ಕೈಗಾ?"

"ಆವತ್ತು ಕಾರ್ಖಾನೆಯಿಂದ ಬೇಗ ಬಂದ್ರಿ. ಕಿವಿಗೆ ವೈರು ಹಾಕ್ಕೊಂಡು ಜರ್ಮನ್ ಹೇಳ್ಕೋತಾ ಬಂದ್ರಿ. ಬ್ಯಾಗ್ ಕೊಟ್ಟು ಪೆನ್ನು ಮುಂದೆ ಹಿಡಿದೆ. ನೀವು ಗೂಟೆ ಪೊಲಿಟ್ಸೈ, ಗೂಟೆ ಪೊಲಿಟ್ಸೈ ಅಂತ ಹೇಳ್ತಾನೇ ಮೇಲೆ ಹೋಗ್ಬಿಟ್ರಿ. ಆಮೇಲೆ ಸಹಿ ಮಾಡಿಸ್ಕೊಂಡ್ರಾಯ್ತು, ನಮ್ಮ ಮ್ವಾಲಿಮು ತಾನೇ ಅಂತ ಸುಮ್ಮನಾದೆ."

ದ್ವಾರಕಾನಾಥರ ಮುಖ ಕೆಂಪಾಯಿತು. "ನಾನು ಸಹಿ ಮಾಡದೆ ತಗೊಂಡ್ನಾ? ನಾನು? ಮೂವತ್ತು ವರ್ಷದ ಸರ್ವೀಸಲ್ಲಿ ನಾನು ಸಹಿ ಹಾಕದೆ ಒಂದು ಗುಂಡುಸೂಜಿ ಮುಟ್ಟಿಲ್ಲ. ಮೂರ್ತಿಯವರೇ, ಸಹಿ ಇಲ್ಲ ಅಂದ್ರೆ ನಾನು ತಗೊಂಡಿಲ್ಲ ಅಂತಲೇ ಅರ್ಥ. ಲಾಜಿಕ್!"

ಕಿಲೊಂಜೊ ನನ್ನ ಮುಖ ನೋಡಿದ. ನಾನು ರಿಜಿಸ್ಟರು ನೋಡಿದೆ.

ಮರುದಿನ ಬೆಳಿಗ್ಗೆ ದ್ವಾರಕಾನಾಥರು ಪ್ಯಾಂಟು ಶರ್ಟು ಇಸ್ತ್ರಿ ಮಾಡಿಸಿಕೊಂಡು ಸ್ಟೇಷನ್ನಿಗೆ ಹೊರಟರು. ಸಾಕ್ಷಿಗೆಂದು ನಾನು. ದಾರಿಯುದ್ದಕ್ಕೂ ಒಂದೇ ಮಾತು: "ನಾನು ಯಾರನ್ನೂ ಕಳ್ಳ ಅಂತಿಲ್ಲ ರೀ. ಒಂದು ಹೆಚ್ಚುಕಮ್ಮಿ ಆಗಿದೆ, ಅದಕ್ಕೊಂದು ನಂಬರ್ ಬೇಕು. ಅಷ್ಟೇ."

ಇಲ್ಲಿನ ಸ್ಟೇಷನ್ನುಗಳಲ್ಲಿ ನಡೆದದ್ದನ್ನೆಲ್ಲ ಬರೆಯುವ ಒಂದು ದೊಡ್ಡ ಪುಸ್ತಕವಿರುತ್ತದೆ. ಜನ ಅದನ್ನು ಓಬಿ ಎನ್ನುತ್ತಾರೆ. ಅದರಲ್ಲಿ ಬರೆದರೆ ಒಂದು ಓಬಿ ನಂಬರು ಸಿಗುತ್ತದೆ. ಪುಸ್ತಕ ನೋಡಿದೊಡನೆ ದ್ವಾರಕಾನಾಥರಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಮೇಜಿನ ಹಿಂದೆ ಕುಳಿತಿದ್ದ ನಡುವಯಸ್ಸಿನ ಪೊಲೀಸ್ ಮೇಡಂ ಏನಾಗಬೇಕಿತ್ತು ಎಂದು ಕೇಳಿದರು. ಇವರು ಗ್ರೀಕರಿಂದ ಆರಂಭಿಸಿದರು. ಆಕೆ ತಾಳ್ಮೆಯಿಂದ ರೊಟ್ಟಿಯವರೆಗೆ ಕೇಳಿದರು.

"ರೊಟ್ಟಿ ತೂಕಕ್ಕೆ ಬೇರೆ ಆಫೀಸಿದೆ" ಎಂದರು.

"ಮದುವೆಗೆ ಬರೋ ಜನದ ಲೆಕ್ಕಕ್ಕೆ?"

"ಅದಕ್ಕೆ ಯಾರೂ ಇಲ್ಲ. ಇದ್ದಿದ್ದರೆ ನಾನು ಅಲ್ಲಿಗೇ ವರ್ಗ ತಗೊಳ್ತಿದ್ದೆ. ನಿಮ್ಮದೇನು ಕಳೆದಿದೆ, ಹೇಳಿ."

ಬೆಳ್ಳಿಯ ದೇವಿ ಎಂದು ಬರೆದುಕೊಂಡರು. ಕೊನೆಯದಾಗಿ ಯಾರ ಕೈಯಲ್ಲಿತ್ತು ಎಂದು ಕೇಳಿದರು.

"ದಾಖಲೆಯ ಪ್ರಕಾರ ಕಿಲೊಂಜೊ ಕೈಯಲ್ಲಿ."

"ನಿಮ್ಮ ಪ್ರಕಾರ?"

"ನನ್ನ ಪ್ರಕಾರ ಅನ್ನೋದು ಇಲ್ಲ, ಮೇಡಂ. ದಾಖಲೆಯ ಪ್ರಕಾರ ಮಾತ್ರ."

"ಆತ ಏನು ಹೇಳ್ತಾನೆ?"

"ಆತ ಹೇಳೋದಕ್ಕೆ ಸಹಿ ಇಲ್ಲ."

ಆಗ ನಾನು ಬಾಯಿಬಿಡಬೇಕಿತ್ತು. ಆತ ಇವರ ಕೈಗೇ ಕೊಟ್ಟೆ ಎನ್ನುತ್ತಾನೆ ಮೇಡಂ ಎಂಬ ಒಂದು ವಾಕ್ಯ ಸಾಕಿತ್ತು. ನಾನು ಕೆಲಸ ಮಾಡುವ ಬ್ಯಾಂಕಿಗೆ ಹೊತ್ತಾಗುತ್ತಿತ್ತು. ನಾನು ತೋರಿಸಿದ ಕಡೆ ಸಾಕ್ಷಿ ಎಂದು ಸಹಿ ಮಾಡಿ ಹೊರಟುಬಿಟ್ಟೆ.

ಆ ಸಂಜೆ ನಂಬರಿನ ಫೋಟೋ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ, 'ಎಷ್ಟು ಸೌಜನ್ಯ! ಸುಮ್ಮನೆ ಹೆದರುತ್ತೇವೆ' ಎಂಬ ಷರಾ. ಹೆಬ್ಬೆರಳುಗಳ ಸಾಲೇ ಬಿತ್ತು. ಅದರಲ್ಲಿ ಒಂದು ನನ್ನದು.

ಶನಿವಾರ ಬೆಳಿಗ್ಗೆ ಪೊಲೀಸರ ಗಾಡಿ ಗೇಟಿಗೆ ಬಂತು. ಇಬ್ಬರು ಇಳಿದು ಕಿಲೊಂಜೊನ ಹೆಸರು ಕೇಳಿದರು. ಅವನು ತನ್ನ ಹೆಸರು ಹೇಳಿ, ಗಾಡಿಯ ನಂಬರನ್ನು ರಿಜಿಸ್ಟರಿನಲ್ಲಿ ಬರೆಯಹೊರಟ. ಬರೆಯಲು ಬಿಡಲಿಲ್ಲ. ದ್ವಾರಕಾನಾಥರು ಪಂಚೆಯಲ್ಲೇ ಫೈಲು ಹಿಡಿದು ಓಡಿಬಂದರು.

"ನಾನು ನಂಬರ್ ಮಾತ್ರ ಕೇಳಿದ್ದು! ಯಾರನ್ನೂ ಹಿಡೀರಿ ಅಂತ ಹೇಳಿಲ್ಲ!"

"ನಂಬರ್ ಕೊಟ್ಟಮೇಲೆ ಕೆಲಸ ಮಾಡಬೇಡವೇ, ಯಜಮಾನರೇ?" ಎಂದ ಒಬ್ಬ. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅವರು ಅವರ ಕೆಲಸ ಮಾಡುತ್ತಿದ್ದರು, ಅಷ್ಟೇ.

ಕಿಲೊಂಜೊನನ್ನು ಮೊದಲು ಮುಕುರು ಕೊಳೆಗೇರಿಯ ಅವನ ಕೋಣೆಗೆ ಕರೆದೊಯ್ದು ಹಾಸಿಗೆ ಬುಡಮೇಲು ಮಾಡಿ ಹುಡುಕಿದರಂತೆ, ಇಡೀ ಓಣಿ ನಿಂತು ನೋಡಿತಂತೆ. ಒಂದು ಗಂಟೆಯೊಳಗೆ ಕಾವಲು ಕಂಪನಿಯವರು ಹೊಸ ಆಳನ್ನು ಕಳಿಸಿದರು. ಅವನಿಗೆ ರಿಜಿಸ್ಟರು ಎಂದರೇನೆಂದೇ ತಿಳಿಯಲಿಲ್ಲ, ಅದರ ಮೇಲೆ ಟೀ ಲೋಟ ಇಟ್ಟ.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಹೆಂಡತಿ ನಮಿತಾ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೊರಡುತ್ತಿದ್ದಳು. ಇಲ್ಲೊಂದು ಲೋಕಸತ್ಯ ಹೇಳಬೇಕು. ನಮ್ಮ ಹೆಂಗಸರು ತಾಂಬೂಲದಲ್ಲಿ ಬಂದ ಬ್ಲೌಸ್ ಪೀಸನ್ನು ಬಿಚ್ಚಿ ನೋಡುವುದಿಲ್ಲ. ಬಂದದ್ದು ಬೀರು ಸೇರುತ್ತದೆ, ಬೀರುವಿನಿಂದ ಮುಂದಿನ ಮನೆಗೆ ಹೋಗುತ್ತದೆ. ಮೂರು ಶ್ರಾವಣ ಸುತ್ತಿ ಕೊಟ್ಟವರಿಗೇ ವಾಪಸು ಬಂದ ರವಿಕೆ ಕಣಗಳೂ ಇವೆ. ನಮಿತಾ ಬೀರು ತೆಗೆದು, ಮಂಗಳವಾರ ವತ್ಸಲಾ ಅವರ ಮನೆಯ ಅರಿಶಿನ ಕುಂಕುಮದಲ್ಲಿ ತನಗೆ ಕೊಟ್ಟಿದ್ದ ಡಬ್ಬವನ್ನು ಕೈಗೆತ್ತಿಕೊಂಡಳು.

"ರೀ, ಇದ್ಯಾಕೋ ಭಾರ ಇದೆ" ಎಂದಳು.

ಒಳಗೆ ರೇಷ್ಮೆಯ ಕಣ. ಕಣದೊಳಗೆ ಹತ್ತಿ. ಹತ್ತಿಯೊಳಗಿಂದ ಮಹಾಲಕ್ಷ್ಮಿ ನಮ್ಮಿಬ್ಬರನ್ನೂ ನೋಡಿದಳು.

ದೇವಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗಿರಿಜಾ ಅವರು ಕಣದಲ್ಲಿ ಸುತ್ತಿ ಡಬ್ಬದಲ್ಲಿಟ್ಟು ಕಳಿಸಿದ್ದರು. ದ್ವಾರಕಾನಾಥರು ಜರ್ಮನ್ ಉರುಹೊಡೆಯುತ್ತ ಅದನ್ನು ತಂದು, ಮನೆ ತುಂಬ ಹೆಂಗಸರಿದ್ದುದರಿಂದ ಬಾಗಿಲ ಬಳಿಯ ತಾಂಬೂಲದ ರಾಶಿಯಲ್ಲಿಟ್ಟು ಕ್ಲಾಸಿಗೆ ಹೋಗಿದ್ದರು. ವತ್ಸಲಾ ಅವರು ರಾಶಿಯಿಂದ ಕೈಗೆ ಸಿಕ್ಕ ಬ್ಯಾಗನ್ನು, ಒಂದು ತೆಂಗಿನಕಾಯಿ ಸೇರಿಸಿ, ನಮಿತಾಗೆ ಕೊಟ್ಟಿದ್ದರು. ಅಡುಗೆಮನೆಗೆ ಹೋಗಿ ನೋಡಿದೆ. ನಮ್ಮ ಈರುಳ್ಳಿ ತುಂಬಿದ್ದ ಬ್ಯಾಗು ಕೆಂಪಗಿತ್ತು.

"ಬಿಚ್ಚೇ ನೋಡಿರ್ಲಿಲ್ಲ ಅಂತ ಹೇಗೆ ಹೇಳ್ಲಿ ರೀ ವತ್ಸಲಾಗೆ? ಅವರು ಕೊಟ್ಟಿದ್ದನ್ನ ಬೇರೆಯವರಿಗೆ ದಾಟಿಸ್ತಿದ್ದೆ ಅಂತ ಗೊತ್ತಾಗತ್ತೆ" ಎಂದು ನಮಿತಾ ತಲೆ ಹಿಡಿದು ಕುಳಿತಳು.

"ಊಟ ಮಾಡಿ ಹೋಗೋಣ" ಎಂದೆ.

ಹೌದು, ಹಾಗೆಂದವನು ನಾನೇ. ಒಬ್ಬ ಮನುಷ್ಯ ಸ್ಟೇಷನ್ನಿನ ಸಿಮೆಂಟಿನ ನೆಲದ ಮೇಲೆ ಕುಳಿತಿರುವಾಗ ನ್ಯಾಯವಾದ ಮಾತನ್ನು ಮೆಟ್ಟಿಲು ಹತ್ತಿಸುವ ಮುನ್ನ ನಾವು ಸಾರು ಅನ್ನ ಉಂಡೆವು. ಎರಡು ಗಂಟೆ ಹೊತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮೇಲೆ ಹೋಗಿ ಡಬ್ಬ ಇಟ್ಟೆವು, ಗೇಟಿನಲ್ಲಿ ಕಿಲೊಂಜೊ ಹೇಳಿದ್ದನ್ನೂ ಆಗ ಹೇಳಿದೆ. ವತ್ಸಲಾ ಅವರು ಮುಖವನ್ನು ಎದೆಗೆ ಅವಚಿಕೊಂಡರು, ಆಮೇಲೆ ಗಂಡನ ಕಡೆ ತಿರುಗಿದರು.

"ಅವನು ನಿಮ್ಮ ಕೈಗೆ ಕೊಟ್ಟೆ ಅಂತ ಹೇಳಿದ್ನಂತಲ್ಲ ರೀ. ಒಂದು ಮಾತು ನನಗೆ ಯಾಕೆ ಹೇಳ್ಲಿಲ್ಲ? ಬಾಗಿಲ ಹತ್ರ ಇತ್ತಾ ಅಂತ ನಾನಾದ್ರೂ ಯೋಚ್ನೆ ಮಾಡ್ತಿದ್ದೆ."

ದ್ವಾರಕಾನಾಥರು ಎದ್ದರು. ಮೇಜಿಗೆ ಹೋಗಿ ನಾಲ್ಕು ಪುಟ ಬರೆದರು. ಮೂಲ ಕಾರಣ ಎಂಬಲ್ಲಿ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಆ ಕಾಗದ ಹಿಡಿದು ಸ್ಟೇಷನ್ನಿಗೆ ಹೋದೆವು. ಅದೇ ಮೇಡಂ ಇದ್ದರು. ನಾಲ್ಕೂ ಪುಟ ಓದಿದರು.

"ಇದನ್ನ ಫೈಲಿಗೆ ಹಾಕ್ತೀನಿ. ದೂರು ಹಿಂತಗೊಳ್ಳೋದನ್ನೂ ಬರಕೊಳ್ತೀನಿ. ನಮ್ಮ ಸಾಹೇಬರು ನಾಳೆ ಬೆಳಿಗ್ಗೆ ನೋಡಿ ಬಿಡ್ತಾರೆ."

"ಮೊದಲು ಬರೆದಿದ್ದನ್ನ ಹೊಡೆದುಹಾಕಿ, ಮೇಡಂ. ನಾನು ಹೇಳ್ತಿದೀನಲ್ಲ, ಅದು ಸುಳ್ಳು."

"ಈ ಪುಸ್ತಕದಲ್ಲಿ ಬರೆದಿದ್ದನ್ನ ಯಾರೂ ಹೊಡೆದುಹಾಕೋ ಹಾಗಿಲ್ಲ. ನಿಮ್ಮ ಕಾರ್ಖಾನೇಲಿ ಹೊಡೀತೀರಾ?"

ದ್ವಾರಕಾನಾಥರು ಇಲ್ಲ ಎಂದು ತಲೆಯಾಡಿಸಿದರು. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ನೈರೋಬಿಯಲ್ಲಿ ಯಾರಿದ್ದರು?

ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಒಬ್ಬ ಹೆಂಗಸು ಕುಳಿತಿದ್ದಳು. ಕಿಲೊಂಜೊನ ಹೆಂಡತಿ ಜೆನಿಫರ್. ನಮ್ಮನ್ನು ನೋಡಿ ಎದ್ದುನಿಂತಳು.

"ನೀವೇನಾ ಮ್ವಾಲಿಮು? ರೊಟ್ಟಿ ತೂಗೋ ಪೊಲೀಸಿನ ಕಥೆ ನೀವೇ ಹೇಳಿದ್ದಂತೆ. ನನ್ನ ಚಿಕ್ಕವಳು ದಿನಾ ಅದನ್ನೇ ಹೇಳಿಸ್ಕೊಂಡು ಮಲಗ್ತಿದ್ಲು. ನಿನ್ನೆ ಪೊಲೀಸರು ಬಂದಾಗ ಅವಳು ತಾನೇ ಬಾಗಿಲು ತೆಗೆದ್ಲು."

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ. ದ್ವಾರಕಾನಾಥರು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು. ಸಂಜೆ ಕತ್ತಲಾಗುವವರೆಗೂ ಏಳಲಿಲ್ಲ, ನಾನು ಕರೆದರೂ ಏಳಲಿಲ್ಲ.

ಸೋಮವಾರ ಕಿಲೊಂಜೊ ಹೊರಗೆ ಬಂದರು. ಇಲ್ಲಿಯವರೆಗೆ ನಾನು ಅವನು, ಬಂದ, ಹೋದ ಎಂದೇ ಬರೆದೆ. ಗೇಟು ಕಾಯುವವರಿಗೆ ಕನ್ನಡದಲ್ಲಿ ನಾವು ಬಹುವಚನ ಕೊಟ್ಟು ರೂಢಿಯಿಲ್ಲ. ಇನ್ನು ಹಾಗೆ ಬರೆಯಲು ನನಗೆ ಕೈ ಬರುತ್ತಿಲ್ಲ. ಹೊರಗೆ ಬಂದವರು ದ್ವಾರಕಾನಾಥರು ಕೈ ಹಿಡಿದಾಗ ಬಿಡಿಸಿಕೊಳ್ಳಲಿಲ್ಲ, ಕ್ಷಮೆ ಕೇಳಿದ್ದಕ್ಕೆ ಸರಿ ಎಂದರು, ಹೆಂಡತಿಯ ಜೊತೆ ಮಟಾಟು ವ್ಯಾನು ಹತ್ತಿ ಹೋದರು.

ದ್ವಾರಕಾನಾಥರು ಕಾವಲು ಕಂಪನಿಯ ಆಫೀಸಿಗೆ ಮೂರು ಸಲ ಹೋದರು. ಕಂಪನಿಯವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕೆಲಸ ಮಾತ್ರ ಕೊಡಲಿಲ್ಲ. ಕಳ್ಳತನದ ದೂರಿನಲ್ಲಿ ಒಮ್ಮೆ ಹೆಸರು ಬಂದವರನ್ನು ಗೇಟಿಗೆ ಹಾಕುವುದಿಲ್ಲ ಎಂಬುದು ಅವರ ನಿಯಮ. "ದೂರು ಕೊಟ್ಟವನೇ ನಾನು, ನಾನೇ ತಪ್ಪು ಅಂತ ಹೇಳ್ತಿದೀನಲ್ಲ!" ಎಂದು ಇವರು ಕೂಗಿದರಂತೆ. "ನಿಯಮದಲ್ಲಿ ಅದಕ್ಕೆ ಕಾಲಂ ಇಲ್ಲ, ಸಾರ್" ಎಂದರಂತೆ.

ತಮ್ಮ ಕಾರ್ಖಾನೆಯಲ್ಲಾದರೂ ಒಂದು ಕೆಲಸ ಕೊಡಿಸೋಣವೆಂದು ನೋಡಿದರು. ಅಲ್ಲೂ ಅದೇ ನಿಯಮ. ಆರು ವರ್ಷದ ಹಿಂದೆ ಅದನ್ನು ಬರೆದವರು ಇವರೇ.

ಆ ಮಂಗಳವಾರ ಕ್ಲಾಸಿನಲ್ಲಿ ಶೆರಿಲ್ ಇವರ ಹೆಸರು ಕರೆದಳಂತೆ. ಎದ್ದು ನಿಂತು, ನನಗೆ ಈ ಪದ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತರಂತೆ. ಮತ್ತೆ ಕ್ಲಾಸಿಗೆ ಹೋಗಲಿಲ್ಲ. ಜರ್ಮನಿಗೆ ಬೇರೆ ಯಾರೋ ಹೋಗಿಬಂದರು.

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಮುಕುರುವಿಗೆ ಹೋದೆವು. ನನ್ನ ಕೈಯಲ್ಲಿ ಹಣ್ಣಿನ ಚೀಲ. ಅವರ ಕೈಯಲ್ಲಿ ಮೂರು ಪುಟದ ಪ್ರಮಾಣಪತ್ರ: ಕಿಲೊಂಜೊ ನಿರ್ದೋಷಿ, ಪ್ರಾಮಾಣಿಕ, ತಪ್ಪು ಪೂರ್ತಿಯಾಗಿ ನನ್ನದು ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿಸಿದ್ದರು. ತಗಡಿನ ಗೋಡೆಗಳ ಕಿರಿದಾದ ಓಣಿ. ಬಾಗಿಲಲ್ಲಿ ಜೆನಿಫರ್ ಮಂದಾಜಿ ಎಂಬ ತಿಂಡಿ ಕರಿದು ಬುಟ್ಟಿಯಲ್ಲಿ ಹಾಕಿಕೊಂಡು ಕುಳಿತಿದ್ದಳು. ಬೆಳಿಗ್ಗೆ ಎಂಟಕ್ಕೆಲ್ಲ ಮುಗಿದುಹೋಗುತ್ತಿದ್ದ ವ್ಯಾಪಾರವಂತೆ. ನಾವು ಹೋದಾಗ ಹತ್ತು ದಾಟಿತ್ತು, ಬುಟ್ಟಿ ತುಂಬಿತ್ತು.

ನಮ್ಮನ್ನು ನೋಡಿ ಅಕ್ಕಪಕ್ಕದ ಎರಡು ಬಾಗಿಲು ಮುಚ್ಚಿಕೊಂಡವು.

ಕಿಲೊಂಜೊ ಒಳಗಿಂದ ಸ್ಟೂಲು ತಂದು ಕೊಟ್ಟರು. ಪ್ರಮಾಣಪತ್ರವನ್ನು ಮೊದಲಿಂದ ಕೊನೆಯತನಕ ಓದಿದರು, ಮಡಚಿ ಜೇಬಿಗಿಟ್ಟುಕೊಂಡರು.

"ಚೆನ್ನಾಗಿ ಬರೆದಿದೀರಿ, ಮ್ವಾಲಿಮು. ಆದ್ರೆ ಈ ಓಣಿಯವರು ಓದೋದಿಲ್ಲ. ನೋಡ್ತಾರೆ, ಕೇಳ್ತಾರೆ. ನನ್ನ ಹಾಸಿಗೆ ಮಗುಚಿದ್ದನ್ನ ನೋಡಿದಾರೆ. ಇವಳ ಹತ್ರ ಯಾರೂ ತಿಂಡಿ ತಗೊಳ್ತಿಲ್ಲ. ಈ ತಿಂಗಳ ಕೊನೆಗೆ ಮನೆ ಬಿಡಿ ಅಂತ ಮಾಲೀಕ ಹೇಳಿದಾನೆ. ಈಗ ನೀವು ಬಂದ್ರಿ, ಇನ್ನೇನು ಕಳೆದಿದೆಯೋ ಅನ್ಕೋತಾರೆ."

"ನಾನೇನು ಮಾಡ್ಲಿ ಹೇಳು, ಕಿಲೊಂಜೊ. ಏನು ಬೇಕಾದ್ರೂ ಬರೆದುಕೊಡ್ತೀನಿ."

"ಬರೀಬೇಡಿ. ಬಾಯಲ್ಲಿ ಹೇಳಿ. ಅವರ ಎದುರಿಗೆ."

ದ್ವಾರಕಾನಾಥರು ಎದ್ದರು. ಮೊದಲ ಬಾಗಿಲ ಮುಂದೆ ನಿಂತು, ಒಳಗೆ ಬರಲೇ ಎಂದು ಇಲ್ಲಿಯವರು ಕೇಳುವ ಹಾಗೆ "ಹೋಡಿ" ಎಂದರು. ಒಬ್ಬ ಗಂಡಸು ಬನಿಯನ್ನಿನಲ್ಲಿ ಬಂದು ನಿಂತ.

"ಹುಯು ಸಿ ಮ್ವಿಜಿ" ಎಂದರು ದ್ವಾರಕಾನಾಥರು. ಇವರು ಕಳ್ಳರಲ್ಲ. "ಮಿಮಿ ನಿಲಿಕೊಸೆಯಾ." ತಪ್ಪು ಮಾಡಿದವನು ನಾನು.

"ಸ್ವಲ್ಪ ಜೋರಾಗಿ, ಮ್ವಾಲಿಮು. ಒಳಗೆ ರೇಡಿಯೊ ಹಾಕಿದಾರೆ" ಎಂದರು ಕಿಲೊಂಜೊ.

ಜೋರಾಗಿ ಹೇಳಿದರು. ಎರಡನೇ ಬಾಗಿಲಿಗೆ ಹೋದರು. ಮೂರನೆಯದಕ್ಕೆ ಹೋದರು. ಅವರ ಸ್ವಾಹಿಲಿ ಉಚ್ಚಾರಣೆ ಕೇಳಿ ಒಂದು ಹುಡುಗಿ ಕಿಸಕ್ಕೆಂದಳು, ಇನ್ನೊಬ್ಬ ಹೆಂಗಸು ಬಟ್ಟೆ ಹಿಂಡುತ್ತಲೇ ಕೇಳಿಸಿಕೊಂಡಳು. ಒಂದು ಬಾಗಿಲು ತೆರೆಯಲೇ ಇಲ್ಲ, ಆ ಮುಚ್ಚಿದ ಬಾಗಿಲಿಗೇ ಹೇಳಿದರು. ಒಬ್ಬ ಮುದುಕ, ಇದನ್ನು ಹೇಳಲು ಇವನಿಗೆ ಯಾರು ಏನು ಕೊಟ್ಟರೋ ಎಂದ. ಅವನಿಗೆ ಮತ್ತೊಮ್ಮೆ ಹೇಳಿದರು. ದ್ವಾರಕಾನಾಥರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಒಂಬತ್ತನೆಯ ಬಾಗಿಲಲ್ಲಿ ನಾನೂ ಬಾಯಿಬಿಟ್ಟೆ. ವಸ್ತು ನನ್ನ ಮನೆಯಲ್ಲಿತ್ತು, ನಾನೂ ಸಹಿ ಹಾಕಿದ್ದೆ ಎಂದೆ. ಹೇಳಬೇಕಾದ ಕಡೆ ಹೇಳದ ಮಾತು ಹೊರಗೆ ಬರಲು ಅಷ್ಟು ದಿನ ಬೇಕಾಯಿತು.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ಬೀನ್ಸ್ ಕಾಳು ಆರಿಸುತ್ತಿದ್ದಳು. ದ್ವಾರಕಾನಾಥರು ಇವರು ಕಳ್ಳರಲ್ಲ ಎಂದರು. ತಪ್ಪು ಮಾಡಿದವನು ನಾನು ಎಂದರು. ಅಜ್ಜಿ ಮೊರ ಕೆಳಗಿಟ್ಟು ಅವರ ಮುಖವನ್ನೇ ನೋಡಿದಳು.

"ಇವನನ್ನ ಎಷ್ಟು ವರ್ಷದಿಂದ ಬಲ್ಲೆ, ನೀನು?"

"ಹನ್ನೊಂದು ವರ್ಷ, ಅಜ್ಜಿ."

"ನಾನೂ ಅಷ್ಟೇ. ಇವನು ಕಳ್ಳನಲ್ಲ ಅಂತ ನನಗೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ನಿನಗೆ ಯಾಕೆ ಗೊತ್ತಾಗಲಿಲ್ಲ?"

ದ್ವಾರಕಾನಾಥರು ಬಾಯಿ ತೆರೆದರು. ಐನೂರು ವರ್ಷದ ಚರಿತ್ರೆಯನ್ನು ಮೆಟ್ಟಿಲ ಮೇಲೆ ನಿಂತು ಹೇಳಬಲ್ಲವರು, ಅಲ್ಲಿ ತಗಡಿನ ನೆರಳಿನಲ್ಲಿ ಬಾಯಿ ತೆರೆದುಕೊಂಡೇ ನಿಂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕಿಲೊಂಜೊ ಅವರೇ ಮುಂದೆ ಬಂದು ಅವರ ತೋಳು ಮುಟ್ಟಿದರು. "ಸಾಕು, ಮ್ವಾಲಿಮು. ಬಿಸಿಲೇರ್ತಾ ಇದೆ. ಮನೆಗೆ ಹೋಗಿ" ಎಂದರು. ಆ ಮಾತಿನಲ್ಲಿ ಒಂದಿಷ್ಟು ಸಿಟ್ಟಾದರೂ ಇದ್ದಿದ್ದರೆ ನಮಗೆ ಆ ಓಣಿಯಲ್ಲಿ ಹಿಂದಿರುಗಿ ನಡೆಯುವುದು ಸುಲಭವಾಗುತ್ತಿತ್ತು.